ಮತ್ತಿತರರು

ಉಪ್ಪಳದಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ
ಭಾನುವಾರ ಮೂರು ಗಂಟೆಗೆ ಒಂದು ರಾಜ್ಯ ಶುರುವಾಗುತ್ತದೆ.
ನಿಧೀಶನಿಗೆ ಖಡ್ಗ, ಹತ್ತು ಮುಖದ ದಾಳದಷ್ಟು ಪ್ರಾಣ.
ಜೋಯ್ಲಿನಳಿಗೆ ಮಂತ್ರ; ಪ್ರಾಣ ಕಡಿಮೆ, ಕೆಮ್ಮಿದರೆ ಸಾಯುತ್ತಾಳೆ.
ಕುಡ್ವ ಕಳ್ಳ. ಬೀಗಗಳು ಅವನನ್ನು ಕಂಡರೆ
ನಾಚಿ ತೆರೆದುಕೊಳ್ಳುತ್ತವೆ.

ಸಮೀಹ ಮಾತ್ರ, "ನನಗೆ ಎಲ್ಲ ಸ್ವಲ್ಪ ಸ್ವಲ್ಪ ಬೇಕು" ಎಂದಳು.
ವಾರವಿಡೀ ಅಕ್ಷಯ ಕೇಂದ್ರದಲ್ಲಿ ಕೂತು
ಯಾರ್ಯಾರದೋ ಕನ್ನಡವನ್ನು ಅರ್ಜಿಯ ಮಲಯಾಳ ಚೌಕಗಳಿಗೆ
ಚೆಲ್ಲದಂತೆ ಸುರಿಯುವವಳು.
ಅಂಥ ವೇಷ ನಮ್ಮ ಆಟದಲ್ಲಿ ಇರಲಿಲ್ಲ.
ಮಾಡಿಕೊಡುತ್ತೇನೆ ಎಂದೆ, ದೊಡ್ಡ ಜನದ ಹಾಗೆ.

ಮೊದಲ ಸಲ ಕೈ ಸಡಿಲವಾಯಿತು.
ಖಡ್ಗ ಕೊಟ್ಟೆ, ಮೂರು ಮಂತ್ರ ಕೊಟ್ಟೆ, ಗಾಯಕ್ಕೆ ಬೇರು,
ಹಕ್ಕಿಗಳ ಭಾಷೆ.
ಸಂಜೆಯೊಳಗೆ ಒಬ್ಬಳೇ ಕೋಟೆ ಹಿಡಿದಳು.
ಉಳಿದ ಮೂವರು ಗೋಳಿಬಜೆ ತಿಂದು
ಎಣ್ಣೆಯ ಬೆರಳನ್ನು ನನ್ನ ನಕ್ಷೆಗೆ ಒರೆಸಿದರು.

ಎರಡನೆಯ ಸಲ ಬಿಗಿದೆ.
ಎಲ್ಲದರಲ್ಲೂ ಅರ್ಧ, ಅರ್ಧದಲ್ಲೂ ಒಂದು ಕಳೆದು.
ಬಾಗಿಲು ಬಂದರೆ ಕುಡ್ವ, ರಾಕ್ಷಸ ಬಂದರೆ ನಿಧೀಶ.
ಅವಳು ಗಂಟು ಹೊತ್ತಳು.
ನಾಲ್ಕೂವರೆಯ ರೈಲು ಹೋಗುವಾಗ ಮೊಬೈಲು ನೋಡುತ್ತಿದ್ದಳು.
ತಕ್ಕಡಿಯ ಮುಳ್ಳು ಸರಿ ನಡುವೆ ನಿಂತಿತ್ತು,
ತಟ್ಟೆ ಎರಡೂ ಖಾಲಿ.

ಮೂರನೆಯದನ್ನು ಬರೆಯುವಾಗ ಐತ್ತಪ್ಪ ಮಾವ ನೆನಪಾದರು.
ಮೇಳದಲ್ಲಿ ಇಪ್ಪತ್ತೆರಡು ತಿರುಗಾಟ.
ಬಣ್ಣದ ವೇಷದವನಿಗೆ ಜ್ವರ ಬಂದರೆ ಬಣ್ಣ,
ಸ್ತ್ರೀವೇಷದವನ ಬಸ್ಸು ತಪ್ಪಿದರೆ ಸೀರೆ;
ಒಂದೇ ರಾತ್ರಿ, ತಾನೇ ಕೊಂದವನ ಹೆಂಡತಿಯಾಗಿ
ಅವನ ಮೇಲೆ ಬಿದ್ದು ಅತ್ತದ್ದೂ ಉಂಟು.
ಕರಪತ್ರದಲ್ಲಿ ಸಾಲಾಗಿ ಹೆಸರುಗಳು, ಬಿರುದುಗಳು,
ಕೊನೆಗೆ, ಕಾಗದದ ಅಂಚು ಮುಗಿಯುವಲ್ಲಿ, "ಮತ್ತಿತರರು".
ಅದು ಮಾವ. ಒಬ್ಬರೇ, ಬಹುವಚನದಲ್ಲಿ.

ಹಾಳೆಯ ತಲೆಯಲ್ಲಿ ವೇಷದ ಹೆಸರು ಅದನ್ನೇ ಬರೆದೆ.
ಎಂಟು ಮುಖದ ಪ್ರಾಣ. ಎಲ್ಲ ಆಯುಧ, ಯಾವುದರಲ್ಲೂ ಹೆಸರಿಲ್ಲ.
ಯಾರಿಲ್ಲವೋ ಅವರ ಜಾಗದಲ್ಲಿ ನಿಂತಾಗ
ಅವರ ಬಲದ ಮುಕ್ಕಾಲು ಇವಳದು, ಬೆಳಗಾಗುವವರೆಗೆ.
ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಖುಷಿಪಟ್ಟೆ.

ಸಮೀಹ ಓದಿದಳು, ಎರಡು ಸಲ.
"ಅಂದ್ರೆ ಇವ್ರು ಸಾಯ್ಲಿ ಅಂತ ನಾನು ಕಾಯ್ಬೇಕಾ ಮಾರಾಯ?"

ಮಾವನನ್ನೇ ಕೇಳಿದೆ, ಬಂದ್ಯೋಡಿನ ಗೂಡಂಗಡಿಯ ಬೆಂಚಿನಲ್ಲಿ:
ಯಾರಾದರೂ ಬಾರದಿರಲಿ ಎಂದು ಬಯಸಿದ್ದುಂಟಾ?
ಸೋಡಾ ಗ್ಲಾಸು ಕೆಳಗಿಟ್ಟರು.
"ಉಂಟು. ಒಂದು ಸಲ. ಕಿರೀಟ ಬೇಕಿತ್ತು ನನಗೆ, ಒಂದು ರಾತ್ರಿಗೆ.
ಅವತ್ತು ಎಲ್ಲರೂ ಬಂದರು."
ಮತ್ತೆ?
"ಮತ್ತೆಂತ, ತೆರೆ ಹಿಡಿದೆ. ತೆರೆ ಹಿಡಿದವನಿಗೆ ಕಾಣುತ್ತದೆ
ಕಿರೀಟ ಇಟ್ಟವನ ಕಾಲು ನಡುಗುವುದು.
ಮೊದಲ ಮಾತು ಮರೆತಿದ್ದ.
ಮೆಲ್ಲ ಹೇಳಿಕೊಟ್ಟೆ."

ಕೆಂಪು ಗೆರೆಯ ಮೇಲಿನದೆಲ್ಲ ಹೊಡೆದುಹಾಕಿ
ಒಂದೂವರೆ ಸಾಲು ಬರೆದೆ:
ಪಕ್ಕದವರ ಕಸುಬು ಬಲ್ಲವಳಾದ್ದರಿಂದ
ಪಕ್ಕದವರ ಸೋತ ದಾಳವನ್ನು ದಿನಕ್ಕೊಮ್ಮೆ
ಇವಳು ಮತ್ತೆ ಎಸೆಯಬಹುದು.
ಸರಿಯೋ ತಪ್ಪೋ ಗೊತ್ತಿಲ್ಲ. ಕುಡ್ವ ಆಗಲೇ ಸಂದು ಹುಡುಕುತ್ತಿದ್ದಾನೆ.

ಈ ಭಾನುವಾರ ನಿಧೀಶನ ಖಡ್ಗ ಗುರಿ ತಪ್ಪಿತು. ನಾಲ್ಕು.
ಬೇಕಾದದ್ದು ಹನ್ನೊಂದು.
ಸಮೀಹ ಇಪ್ಪತ್ತು ಮುಖದ ದಾಳ ಕಸಿದು ಎಸೆದಳು;
ಅದು ಮೇಜು ಹಾರಿ, ಮೂಲೆಯ ಕೆಟ್ಟ ಹೊಲಿಗೆ ಯಂತ್ರದ ಅಡಿಗೆ
ಉರುಳಿಕೊಂಡು ಹೋಯಿತು.
ಶಾಲಿನ ತುದಿ ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನ ಬೆಳಕು ಹಿಡಿದು,
ನೂಲು, ಧೂಳು, ತುಂಡಾದ ಸೂಜಿಗಳ ನಡುವೆ
ಅವಳೇ ತೂರಿದಳು.

"ಹನ್ನೊಂದು," ಒಳಗಿನಿಂದ ಸ್ವರ ಬಂತು.

ನಾವು ಯಾರೂ ಬಗ್ಗಿ ನೋಡಲಿಲ್ಲ.
ರಾಕ್ಷಸ ಬಿದ್ದ.